ಹಲ್ಲಿನ ಡಾಕ್ಟರ ನೀಲಿ ಕಾರು

ನಮ್ಮ ಬಡಾವಣೆಯಲ್ಲಿ ಕಾರು ಓಡಿಸಬಲ್ಲವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಅರ್ಧಕ್ಕರ್ಧ ಮಂದಿ ಡ್ರೈವಿಂಗ್ ಮೇಷ್ಟ್ರ ಶಿಷ್ಯರೇ ಇರುತ್ತಾರೆ. ನಾನೂ ಒಬ್ಬ. ಮೂವತ್ತೊಂದು ವರ್ಷ ಮೇಷ್ಟ್ರು ಕೂತದ್ದು ಕಲಿಯುವವರ ಪಕ್ಕದ ಸೀಟಿನಲ್ಲಿ. ಆ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಜೋಡಿಸಿರುತ್ತಿತ್ತು. ಕಲಿಯುವವರಿಗೆ ಕೈಕಾಲು ಆಡದಾದಾಗ ಮೇಷ್ಟ್ರ ಕಾಲು ಕೆಲಸಕ್ಕೆ ಇಳಿಯುತ್ತಿತ್ತು. ಅವರು ಗದರಿದ್ದನ್ನು ನಾನು ಕೇಳಿಲ್ಲ. ಮೊದಲ ದಿನ ನಾನು ಕಾಂಪೌಂಡಿನ ಕಡೆಗೆ ನೆಟ್ಟಗೆ ನುಗ್ಗಿದಾಗ ಗಾಡಿ ನಿಲ್ಲಿಸಿ, “ಗೋಡೆ ಪಕ್ಕಕ್ಕೆ ಸರಿಯಲ್ಲ ಸಾರ್, ನಾವೇ ಸರೀಬೇಕು” ಅಂದರು, ಅಷ್ಟೆ.

ಇಡೀ ಆಯುಷ್ಯ ಹೀಗೆ ಗಂಟೆಗೆ ಮೂವತ್ತು ಕಿಲೋಮೀಟರಿನ ವೇಗದಲ್ಲಿ ಕಳೆದ ಈ ಮನುಷ್ಯನಿಗೆ ಒಂದು ಆಸೆ ಇತ್ತು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅವರೇ ಹೇಳಿದ್ದು.

ಇಪ್ಪತ್ನಾಲ್ಕು ವರ್ಷದ ಹಿಂದೆ ಹಿಂದಿನ ಬೀದಿಯ ಹಲ್ಲಿನ ಡಾಕ್ಟರ ಹೆಂಡತಿ ಮೇಷ್ಟ್ರ ಹತ್ತಿರ ಕಾರು ಕಲಿತರು. ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿ, ಮೂರನೆಯದರಲ್ಲಿ ಪಾಸಾದರು. ಆ ಖುಷಿಗೆ ಡಾಕ್ಟರು ಮೇಷ್ಟ್ರನ್ನು ಮನೆಗೆ ಕರೆದು, ಗ್ಯಾರೇಜಿನ ಬಾಗಿಲು ಮೇಲೆತ್ತಿ, “ಬನ್ನಿ ಮೇಷ್ಟ್ರೆ, ಒಂದು ರೌಂಡ್ ಹೋಗಿ ಬರೋಣ” ಅಂದರು. ಒಳಗಿದ್ದದ್ದು ಕಡುನೀಲಿ ಬಣ್ಣದ ಇಟಲಿಯ ಕಾರು. ಎರಡೇ ಸೀಟು. ಇಂಜಿನ್ನು ಮುಂದಿಲ್ಲ, ಸೀಟಿನ ಬೆನ್ನಿಗೇ ಅಂಟಿಕೊಂಡಿದೆ. ಎತ್ತರವೋ, ಮೇಷ್ಟ್ರ ಸೊಂಟಕ್ಕಿಂತ ಒಂದು ಗೇಣು ಜಾಸ್ತಿ. ಡಾಕ್ಟರು ಅದನ್ನು ಹತ್ತು ವರ್ಷ ಹಳೆಯದಾದ ಮೇಲೆ ಕೊಂಡಿದ್ದರು.

ಮೇಷ್ಟ್ರು ಬಗ್ಗಿ, ಮಡಚಿಕೊಂಡು ಒಳಗಿಳಿದರು. ನೀರಿನ ಟ್ಯಾಂಕ್ ದಾಟಿ ಬೈಪಾಸ್ ರಸ್ತೆ ಸಿಕ್ಕಿದ ಮೇಲೆ ಡಾಕ್ಟರು ಸುಮ್ಮನೆ ಒಂದು ಸಲ ಪಾದ ಒತ್ತಿದರಂತೆ. “ಬೆನ್ನ ಹಿಂದೆ ಯಾರೋ ದೊಡ್ಡೋರು ಗಂಟಲು ಸರಿ ಮಾಡ್ಕೊಂಡ ಹಾಗಿತ್ತು” ಎಂದು ಮೇಷ್ಟ್ರು ನನಗೆ ವಿವರಿಸಿದರು. ಹೋಗಿ ಬರಲು ಹಿಡಿದದ್ದು ಏಳು ನಿಮಿಷ. “ಪಕ್ಕದ ಸೀಟಲ್ಲಿ ಕೂತು ನನ್ನ ಕಾಲು ತೆಪ್ಪಗಿದ್ದಿದ್ದು ಆ ಏಳು ನಿಮಿಷ ಮಾತ್ರ.”

ಅಲ್ಲಿಂದ ಶುರುವಾಯಿತು. ಅವರ ಸ್ಕೂಲಿನಲ್ಲಿ ಯಾರೇ ಸೇರಲಿ, ರಿವರ್ಸ್ ಕಲಿಯುವುದು ಮಾತ್ರ ಡಾಕ್ಟರ ಗ್ಯಾರೇಜಿನ ಎದುರಿಗೇ. ಆ ಗಲ್ಲಿ ಇಕ್ಕಟ್ಟು; ಅಲ್ಲಿ ಗಾಡಿ ತಿರುಗಿಸುವಾಗ ನಾನು ಬೆವರು ಸುರಿಸಿದ್ದೇನೆ. ಮೇಷ್ಟ್ರು ಕಿಟಕಿಯಾಚೆ ನೋಡುತ್ತ “ನಿಧಾನ, ನಿಧಾನ, ಇನ್ನೊಂದ್ಸಲ ಮಾಡೋಣ” ಅನ್ನುತ್ತಿದ್ದರು. ನನ್ನ ಕಲಿಕೆಯ ಬಗ್ಗೆ ಅವರಿಗೆ ಎಷ್ಟು ಕಾಳಜಿ ಎಂದುಕೊಂಡಿದ್ದೆ. ಬಾಗಿಲು ತೆರೆದಿದ್ದ ದಿನ ಮೂರು ಸಲ ಜಾಸ್ತಿ ತಿರುಗಿಸಬೇಕಾಗುತ್ತಿತ್ತು ಎಂಬುದು ಈಗ ಹೊಳೆಯುತ್ತದೆ. ಹಲ್ಲು ತೋರಿಸಲು ಕೂಡ ಅವರು ಅಗತ್ಯಕ್ಕಿಂತ ಹೆಚ್ಚೇ ಹೋಗುತ್ತಿದ್ದರು. ಅರವತ್ತರ ವಯಸ್ಸಿನಲ್ಲಿ ಅಷ್ಟು ಚೊಕ್ಕಟವಾದ ಹಲ್ಲುಸಾಲು ನಮ್ಮ ಬೀದಿಯಲ್ಲಿ ಬೇರೆ ಯಾರ ಬಾಯಲ್ಲೂ ಇಲ್ಲ.

ಹೋದ ವರ್ಷ ಮೇಷ್ಟ್ರು ಸ್ಕೂಲನ್ನು, ಅದರ ಎರಡು ಗಾಡಿಗಳ ಸಮೇತ, ತಮ್ಮ ಜೊತೆ ಹನ್ನೆರಡು ವರ್ಷ ಕೆಲಸ ಮಾಡಿದ ಹೆಣ್ಣುಮಗಳಿಗೆ ವಹಿಸಿಕೊಟ್ಟರು. ಅವಳು ಕೊಟ್ಟ ಹಣ ಬ್ಯಾಂಕಿನಲ್ಲಿತ್ತು. ಅವರ ಹೆಂಡತಿ ಹೆರಿಗೆ ವಾರ್ಡಿನ ನರ್ಸು, ನಿವೃತ್ತಿಗೆ ಇನ್ನೂ ಎರಡು ವರ್ಷ ಬಾಕಿ. ಬೆಳಿಗ್ಗೆ ಆಕೆ ಡ್ಯೂಟಿಗೆ ಹೋದ ಮೇಲೆ ಮೇಷ್ಟ್ರಿಗೆ ಮಾಡಲು ಏನೂ ತೋಚುತ್ತಿರಲಿಲ್ಲ. ಪೇಪರಿನಲ್ಲಿ ಹವಾಮಾನ ವರದಿಯನ್ನೂ ಬಿಡದೆ ಓದುತ್ತಿದ್ದರು. ಹಾಗಿರುವಾಗ ಡಾಕ್ಟರ ಫೋನು ಬಂತು.

“ಮೇಷ್ಟ್ರೆ, ಕಾರು ಮಾರ್ತಾ ಇದೀನಿ. ಮೊದಲು ನಿಮಗೆ ಹೇಳೋಣ ಅನ್ನಿಸ್ತು.”

“ನನಗ್ಯಾಕೆ ಡಾಕ್ಟ್ರೆ?”

“ಇಪ್ಪತ್ತು ವರ್ಷದಿಂದ ನನ್ನ ಗ್ಯಾರೇಜ್ ಮುಂದೆ ಊರೋರಿಗೆಲ್ಲ ರಿವರ್ಸ್ ಕಲಿಸಿದೀರಲ್ಲ, ನನಗೆ ಕಣ್ಣು ಕಾಣಲ್ವಾ?”

ಡಾಕ್ಟರ ಮಂಡಿ ಹೋಗಿತ್ತು. ಕಾರಿನೊಳಗೆ ಕೂರುವುದು ಹೇಗೋ ಆಗುತ್ತದೆ, ಏಳಿಸಲು ಇಬ್ಬರು ಬೇಕು ಅಂದರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ತಿಂಗಳ ಕೊನೆಗೆ ಬೇರೆ ಊರಿನಲ್ಲಿರುವ ಮಗಳ ಮನೆಗೆ, ನಾಲ್ಕನೇ ಮಹಡಿಗೆ ಹೋಗುವವರಿದ್ದರು. ಅವರು ಹೇಳಿದ ಬೆಲೆ ಬೇರೆಯವರಿಗೆ ಹೇಳುವ ಬೆಲೆಯಲ್ಲ. ಸ್ಕೂಲು ಕೊಟ್ಟು ಬಂದ ಹಣಕ್ಕೆ ಅದು ಹೆಚ್ಚುಕಡಿಮೆ ಸರಿಹೋಗುತ್ತಿತ್ತು.

ಮಾರನೆಯ ದಿನವೇ ಮೇಷ್ಟ್ರು ನೋಡಲು ಹೋದರು. ಡಾಕ್ಟರು ಹೊದಿಕೆ ಎಳೆದರು. ಪೆಟ್ರೋಲು, ಹಳೇ ಚರ್ಮ, ಮುಗ್ಗಲು ಕಾರ್ಪೆಟ್ಟು ಎಲ್ಲ ಬೆರೆತ ವಾಸನೆ. ಡ್ಯಾಶ್‌ಬೋರ್ಡಿನ ಗುಂಡಿಗಳು ಕರಗಿದ ಬೆಲ್ಲದ ಹಾಗೆ ಬೆರಳಿಗೆ ಅಂಟಿದವು. ಅಂಥ ಗಾಡಿಗಳ ಪ್ಲಾಸ್ಟಿಕ್ಕು ವಯಸ್ಸಾದ ಮೇಲೆ ಹಾಗೇ ಆಗುತ್ತದಂತೆ. ಮೂರು ವರ್ಷದಿಂದ ರಸ್ತೆಗೆ ಇಳಿದಿರಲಿಲ್ಲ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಬಿಟ್ಟು ನಿಲ್ಲಿಸುತ್ತಿದ್ದರು. ಮೇಷ್ಟ್ರು ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅದರ ಚಾಲಕನ ಸೀಟಿನಲ್ಲಿ ಕೂತರು. ಕೀ ತಿರುಗಿಸಲಿಲ್ಲ. “ಮೊದಲು ನನ್ನ ಭಾವಮೈದ ನೋಡ್ಲಿ” ಅಂದರು. ಎದ್ದು ಬರಲು ಅವರಿಗೂ ಬಾಗಿಲಿನ ಅಂಚು ಹಿಡಿದುಕೊಳ್ಳಬೇಕಾಯಿತು. ಡಾಕ್ಟರು ಅದನ್ನು ನೋಡಿಯೂ ನೋಡದ ಹಾಗೆ ಮಾಡಿದರು.

ಭಾವಮೈದ ಎಂದರೆ ಹೆಂಡತಿಯ ತಮ್ಮ, ಮೆಕ್ಯಾನಿಕ್ಕು. ಭಾನುವಾರ ಟಾರ್ಚು ಹಿಡಿದು ಎರಡು ಗಂಟೆ ಕಾರಿನ ಅಡಿಯಲ್ಲೇ ಮಲಗಿದ. ಕಾರ್ಪೆಟ್ಟು ಎತ್ತಿ ತುಕ್ಕು ಹುಡುಕಿದ. ಡಾಕ್ಟರು ಇಟ್ಟಿದ್ದ ದಪ್ಪ ಫೈಲಿನಲ್ಲಿ ರಿಪೇರಿಯ ಚೀಟಿಗಳನ್ನೆಲ್ಲ ಒಂದೊಂದಾಗಿ ಓದಿದ. ಆಮೇಲೆ ಕೈ ಒರೆಸಿಕೊಳ್ಳುತ್ತ ಭಾವನನ್ನು ಪಕ್ಕಕ್ಕೆ ಕರೆದ.

“ಭಾವ, ಕೆಟ್ಟ ಗಾಡಿ ಆಗಿದ್ರೆ ನನಗೆ ಸುಲಭ ಇತ್ತು. ಬೇಡ ಅಂದು ಟೀ ಕುಡ್ಕೊಂಡು ಹೋಗ್ತಿದ್ದೆ. ಇದು ಒಳ್ಳೇ ಗಾಡಿ. ಎಲ್ಲೂ ಗುದ್ದಿಲ್ಲ, ತುಕ್ಕಿಲ್ಲ.”

“ಮತ್ತೆ?”

“ಟೈರ್ ನೋಡೋಕೆ ಹೊಸದರ ಥರ ಇದೆ, ಆದ್ರೆ ಹನ್ನೊಂದು ವರ್ಷದ್ದು. ಪಕ್ಕದಲ್ಲೇ ಬರ್ದಿರತ್ತೆ, ಯಾವ ವಾರ, ಯಾವ ವರ್ಷ ಅಂತ. ರಬ್ಬರು ಬಿರುಕು ಬಿಟ್ಟಿದೆ. ಅದು ಹೋಗ್ಲಿ. ಇಂಜಿನ್ ಒಳಗಡೆ ಬೆಲ್ಟ್ ಒಂದಿದೆ. ಅದನ್ನ ಬದಲಾಯಿಸಿ ಒಂಬತ್ತು ವರ್ಷ ಆಯ್ತು. ಓಡೋವಾಗ ಅದೇನಾದ್ರೂ ತುಂಡಾಯ್ತು ಅಂದ್ರೆ ಇಂಜಿನ್ ಕಥೆ ಮುಗೀತು.”

“ಬದಲಾಯಿಸಿದ್ರಾಯ್ತು.”

“ಈ ಗಾಡೀಲಿ ಅದನ್ನ ಬದಲಾಯಿಸ್ಬೇಕು ಅಂದ್ರೆ ಇಡೀ ಇಂಜಿನ್ ಕೆಳಗಿಳಿಸ್ಬೇಕು. ನನ್ನ ಕೈಲಿ ಆಗೋ ಕೆಲಸ ಅಲ್ಲ. ಸಾಮಾನು ಹೊರದೇಶದಿಂದ ಬರ್ಬೇಕು. ನೀವು ಗಾಡಿಗೆ ಕೊಡೋ ದುಡ್ಡಿನ ಅರ್ಧ ಮತ್ತೆ ಕೈಲಿ ಇಟ್ಕೊಂಡಿರ್ಬೇಕು. ಅಲ್ಲೀತನಕ ಸ್ಟಾರ್ಟ್ ಮಾಡ್ಬಹುದು, ಮೆತ್ತಗೆ ಆಚೆ ಈಚೆ ಸರಿಸ್ಬಹುದು. ರೋಡಲ್ಲಿ ಮಾತ್ರ ಬೇಡ.”

ಮೇಷ್ಟ್ರ ಹತ್ತಿರ ಆ ಅರ್ಧ ಇರಲಿಲ್ಲ. ಕೂಡಿಹಾಕಲು ಎರಡು ವರ್ಷವಾದರೂ ಬೇಕು. ಭಾವಮೈದ ಹೊರಡುವಾಗ ಇನ್ನೊಮ್ಮೆ ಹಿಂದಿರುಗಿ ಬಂದು ಕಾರಿನ ಬೆನ್ನ ಮೇಲೆ ಅಂಗೈ ಇಟ್ಟು ಹೋದನಂತೆ.

ಆಮೇಲಿನ ಹತ್ತು ದಿನ ಮೇಷ್ಟ್ರು ಊಟಕ್ಕೆ ಕೂತರೆ ಅನ್ನ ಕಲಸುತ್ತಲೇ ಇರುತ್ತಿದ್ದರು. ಹೆಂಡತಿ ಒಂದು ಮಾತನ್ನೂ ಕೇಳಲಿಲ್ಲ. ಕೊನೆಗೆ ಮೇಷ್ಟ್ರೇ ಒಂದು ಮಧ್ಯಾಹ್ನ ಅಳತೆಪಟ್ಟಿ ತಂದು, “ಒಂದು ತುದಿ ಹಿಡ್ಕೊ” ಅಂದರು. ಇಬ್ಬರೂ ಮನೆಯ ಮುಂದಿನ ಜಾಗ ಅಳೆದರು. ಉದ್ದಕ್ಕೆ ಕಾರು ಹಿಡಿಯುತ್ತಿತ್ತು. ಅಗಲದಲ್ಲಿ ಬಾಗಿಲು ತೆಗೆಯಲು ಒಂದು ಕಡೆ ಮಾತ್ರ ಆಗುತ್ತಿತ್ತು. ಗೇಟಿನ ಬಳಿಯ ಇಳಿಜಾರಿನಲ್ಲಿ ಮೂತಿ ನೆಲಕ್ಕೆ ಉಜ್ಜುವುದು ಖಂಡಿತ. ಹೆಂಡತಿ ನರ್ಸಿನ ಸೀರೆಯಲ್ಲೇ ಕುಕ್ಕರುಗಾಲಿನಲ್ಲಿ ಕೂತು ಪಟ್ಟಿಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದರು.

“ಬೇಡ ಅಂತ ಒಂದು ಮಾತು ಹೇಳ್ಬಾರ್ದಾ ನೀನು?” ಎಂದರು ಮೇಷ್ಟ್ರು.

“ನಾನ್ಯಾಕೆ ಹೇಳ್ಲಿ?”

“ಎಲ್ಲರ ಮನೇಲೂ ಹೆಂಡ್ತೀರು ಹೇಳ್ತಾರೆ.”

“ನಾನು ಬೇಡ ಅಂದ್ರೆ ನೀವು ಬಿಟ್ಬಿಡ್ತೀರಿ. ಆಮೇಲೆ ನಾನು ಸಾಯೋವರೆಗೂ ನನ್ನ ಮುಖ ನೋಡಿದಾಗೆಲ್ಲ ನಿಮಗೆ ಆ ಕಾರೇ ಕಾಣತ್ತೆ. ಅದು ನನಗೆ ಬೇಡ. ತಗೊಳ್ತೀರಾ, ತಗೊಳ್ಳಿ. ನನ್ನ ಸಂಬಳ ಇನ್ನೂ ಎರಡು ವರ್ಷ ಬರತ್ತೆ. ಬೇಡ ಅನ್ನಿಸಿದ್ರೆ ಬೇಡ. ಆದ್ರೆ ಅದು ನಿಮ್ಮ ಬಾಯಿಂದ ಬರ್ಲಿ.”

ಮೇಷ್ಟ್ರು ಪಟ್ಟಿಯನ್ನು ಸುತ್ತಿಕೊಂಡರು. ಆಕೆ ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದರೂ ಅವರು ಅಲ್ಲೇ ನಿಂತಿದ್ದರು. ಕಾರು ಅಲ್ಲಿ ನಿಂತಿದ್ದರೆ ಹೇಗಿರುತ್ತದೆ ಎಂದು ನೋಡಲು ಪ್ರಯತ್ನಿಸಿದೆ ಎಂದು ನನಗೆ ಹೇಳಿದರು. ಮೊದಲು ಚೆಂದ ಕಂಡಿತಂತೆ. ಆಮೇಲೆ ಅದರ ಮೇಲೆ ಹೊದಿಕೆ ಕಂಡಿತು. ಹೊದಿಕೆಯ ಮೇಲೆ ಧೂಳು. ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಅದು, ಹಾಲು ತರಲು ಹೊರಟರೆ ಅದು, ಗೇಟು ಹಾಕಿ ಬರುವಾಗ ಅದು. ಎರಡು ವರ್ಷ. ಅಷ್ಟರಲ್ಲಿ ತಮ್ಮ ಮಂಡಿಗೆ ಏನಾಗುತ್ತದೋ ಯಾರು ಬಲ್ಲರು.

“ಇಪ್ಪತ್ನಾಲ್ಕು ವರ್ಷ ಬೇರೆಯವರ ಬಾಗಿಲಲ್ಲಿ ನಿಂತಿದ್ದನ್ನ ನೋಡಿ ಆಸೆಪಟ್ಟೆ. ಅದರಲ್ಲೊಂದು ಸುಖ ಇತ್ತು. ನನ್ನ ಬಾಗಿಲಲ್ಲೇ, ನನ್ನ ಕೈಲಾಗದೆ ನಿಂತಿರೋದನ್ನ ನೋಡ್ಕೊಂಡಿರೋದು ನನ್ನಿಂದ ಆಗ್ತಿರ್ಲಿಲ್ಲ” ಅಂದರು. ಆ ಸಂಜೆಯೇ ಡಾಕ್ಟರಿಗೆ ಫೋನು ಮಾಡಿ, ಇದನ್ನೇ ಹೇಳಿ, ಬೇಡ ಎಂದು ತಿಳಿಸಿದರು. ಡಾಕ್ಟರು, “ನಾನೂ ನಿಮ್ಮ ಥರ ಯೋಚನೆ ಮಾಡಿದ್ದಿದ್ರೆ ಕೊಳ್ತಾನೇ ಇರ್ಲಿಲ್ಲ” ಅಂದರಂತೆ. ಹೊಗಳಿದ್ದೋ ಚುಚ್ಚಿದ್ದೋ ಮೇಷ್ಟ್ರಿಗೆ ಇವತ್ತಿಗೂ ಬಗೆಹರಿದಿಲ್ಲ.

ಕಾರು ದೂರದ ಊರಿನ ಒಬ್ಬರಿಗೆ ಮಾರಾಟವಾಯಿತು. ಹಳೇ ಕಾರುಗಳನ್ನು ಬಿಚ್ಚಿ ಜೋಡಿಸುವ ಹುಚ್ಚಿನವರು, ಸ್ವಂತ ವರ್ಕ್‌ಶಾಪು ಇರುವವರು. ಅದನ್ನು ಒಯ್ಯಲು ಲಾರಿ ಬಂದ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮತ್ತೆ ಡಾಕ್ಟರ ಫೋನು.

“ಮೇಷ್ಟ್ರೆ, ಸ್ವಲ್ಪ ಬರ್ತೀರಾ? ಲಾರಿ ಗಲ್ಲಿಯೊಳಗೆ ತಿರುಗ್ತಾ ಇಲ್ಲ. ಕಾರನ್ನ ದೊಡ್ಡ ರಸ್ತೆ ತನಕ ತರ್ಬೇಕು. ಲಾರಿ ಡ್ರೈವರ್ ಇದನ್ನ ಮುಟ್ಟೋಕೆ ಹೆದರ್ತಾನೆ. ನನ್ನ ಕಾಲಲ್ಲಿ ಈ ಕ್ಲಚ್ ಒತ್ತೋಕೆ ಆಗಲ್ಲ.”

ಮೇಷ್ಟ್ರು ಒಗೆದ ಅಂಗಿ ಹಾಕಿಕೊಂಡು ಹೋದರು. ಸೀಟನ್ನು ಮುಂದಕ್ಕೆ ಎಳೆದುಕೊಂಡರು, ಕನ್ನಡಿ ಸರಿಮಾಡಿಕೊಂಡರು. ನಮಗೆಲ್ಲ ಹೇಳಿಕೊಟ್ಟ ಕ್ರಮದಲ್ಲೇ ಮಾಡಿದರಂತೆ, ಒಂದನ್ನೂ ಬಿಡದೆ. ಕ್ಲಚ್ಚು ಕಲ್ಲಿನಷ್ಟು ಗಟ್ಟಿ. ಕೀ ತಿರುಗಿಸಿದಾಗ ಇಂಜಿನ್ನು ಮೂರು ಸಲ ಕೆಮ್ಮಿ ಹೊತ್ತಿಕೊಂಡಿತು. ಸದ್ದು ಬೆನ್ನುಮೂಳೆಯಲ್ಲಿ ಏರಿ ಹಲ್ಲಿನವರೆಗೆ ಬಂತು. ಎರಡು ನಿಮಿಷ ಹಾಗೇ ಬಿಟ್ಟರು. ಡಾಕ್ಟರು ಊರುಗೋಲು ಹಿಡಿದು ಗೇಟಿನ ಪಕ್ಕ ನಿಂತಿದ್ದರು, ಅವರೂ ಅವಸರ ಮಾಡಲಿಲ್ಲ.

ಗಲ್ಲಿಯ ಉದ್ದ ಇನ್ನೂರು ಹೆಜ್ಜೆ ಇರಬಹುದು. ಮಧ್ಯದಲ್ಲಿ ಒಂದು ಹಂಪು. ಅದರ ಮುಂದೆ ನಿಲ್ಲಿಸಿ, ಇಳಿದು ನೋಡಿ, ಮತ್ತೆ ಕೂತು, ಓರೆಯಾಗಿ ಒಂದೊಂದೇ ಚಕ್ರ ದಾಟಿಸಿದರು. ಮೂತಿ ತಾಗಲಿಲ್ಲ. ಒಬ್ಬ ಹೆಂಗಸು ಬಾಲ್ಕನಿಯಲ್ಲಿ ಬಟ್ಟೆ ಹರವುವುದನ್ನು ನಿಲ್ಲಿಸಿ ನೋಡಿದರು. ದೊಡ್ಡ ರಸ್ತೆ ಕಂಡಿತು. ಎಡಕ್ಕೆ ತಿರುಗಿ, ಇನ್ನೊಂದೇ ತಿರುವು ದಾಟಿದರೆ ನೀರಿನ ಟ್ಯಾಂಕು, ಅದರಾಚೆ ಬೈಪಾಸು. ಟ್ಯಾಂಕ್ ಬಿಳಿಯಾಗಿ ಎದ್ದು ಕಾಣುತ್ತಿತ್ತು. “ಬೆಲ್ಟು ಏನೂ ಆಗ್ತಿರ್ಲಿಲ್ಲವೇನೋ, ಅಷ್ಟು ದೂರಕ್ಕೆ” ಎಂದರು ನನ್ನ ಹತ್ತಿರ. ಆದರೆ ಕಾರು ಈಗ ಬೇರೊಬ್ಬರದು. ಅವರು ಲಾರಿಯ ಕಡೆಗೆ ತಿರುಗಿಸಿದರು.

ಲಾರಿಯ ಹಿಂದೆ ಇಳಿಜಾರು ಹಲಗೆ ಇಳಿಬಿಟ್ಟಿದ್ದರು. ಅದು ಈ ಕಾರಿಗೆ ಕಡಿದಾಗಿತ್ತು. ಮೇಷ್ಟ್ರು ಎರಡು ಮರದ ಪಟ್ಟಿ ತರಿಸಿ, ಹಲಗೆಯ ಕೆಳತುದಿಗೆ ಇಡಿಸಿ, ಅರ್ಧ ಕ್ಲಚ್ಚಿನಲ್ಲಿ ಉಸಿರು ಬಿಗಿಹಿಡಿದು ಮೇಲೇರಿಸಿದರು. ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ನು ಆರಿಸಿದರು. ತುಸು ಹೊತ್ತು ಇಳಿಯಲಿಲ್ಲ. ಹಿಂದುಗಡೆ ಬಿಸಿ ಲೋಹ ಟಿಕ್ ಟಿಕ್ ಎಂದು ಆರುತ್ತಿತ್ತು.

“ನಿಮ್ಮದಾ ಸಾರ್ ಗಾಡಿ?” ಎಂದ ಲಾರಿ ಡ್ರೈವರು, ಕಾರನ್ನು ಕಟ್ಟುವ ಪಟ್ಟಿ ಬಿಗಿಯುತ್ತ.

“ಅಲ್ಲಪ್ಪ. ಎಡಗಡೇದು ಇನ್ನೊಂಚೂರು ಬಿಗಿ ಮಾಡು, ತಿರುವಲ್ಲಿ ಜಗ್ಗತ್ತೆ.”

ಅವನ ಕೈಗೇ ಕೀ ಕೊಟ್ಟು ಮೇಷ್ಟ್ರು ನಡೆದುಕೊಂಡೇ ಮನೆಗೆ ಬಂದರು. ದಾರಿಯಲ್ಲಿ ನಾನು ಸಿಕ್ಕಿ ಮಾತಾಡಿಸಿದರೆ ತಲೆಯಾಡಿಸಿ ಮುಂದೆ ಹೋದರು. ಕಥೆಯೆಲ್ಲ ಹೇಳಿದ್ದು ಆಮೇಲೆ, ವಾರ ಕಳೆದು. ಕಾರು ಹೋದ ದಿನ ಮಧ್ಯಾಹ್ನ ಹೆಂಡತಿ ಡ್ಯೂಟಿ ಮುಗಿಸಿ ಬಂದಾಗ ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ಗಲ್ಲಿಯ ಸುದ್ದಿ ಆಕೆಗೆ ಆಗಲೇ ಮುಟ್ಟಿತ್ತು.

“ಓಡಿಸಿದ್ರಂತೆ. ಹೇಗಿತ್ತು?”

“ಎರಡನೇ ಗೇರ್ ಹಾಕೋವಷ್ಟು ಜಾಗ ಇರ್ಲಿಲ್ಲ ಕಣೇ.”

ಆಕೆ ಕೈಚೀಲವನ್ನು ಹೆಗಲಿನಿಂದ ತೆಗೆಯದೆ ಎದುರಿನ ಸ್ಟೂಲು ಎಳೆದುಕೊಂಡು ಕೂತರಂತೆ.

“ಮೊದಲಿಂದ ಹೇಳಿ” ಅಂದರಂತೆ.