ಭಾವ ಜಾಸ್ತಿಯಾಯಿತು

ಕರ್ರ್, ಕರ್ರ್, ಕರ್ರ್, ಟಕ್.

ದಪ್ಪ ಬಟ್ಟೆಯ ಮೇಲೆ ದೊಡ್ಡ ಕತ್ತರಿ ಓಡುವ ಸದ್ದು ಅದು. ಕೊನೆಯ ‘ಟಕ್’ ಮಾತ್ರ ಬಟ್ಟೆಯದಲ್ಲ. ತುಂಡು ಬೇರೆಯಾದ ಮೇಲೆ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕುವುದು ಟೈಲರಮ್ಮನ ಅಭ್ಯಾಸ. ಮೆಟ್ಟಿಲ ಕೆಳಗಿನ ಆ ಪುಟ್ಟ ಅಂಗಡಿಯಿಂದ ಈ ಸದ್ದು ಹೊರಟಿತೆಂದರೆ ಒಂಬತ್ತಾಯಿತೆಂದು ತಿಳಿದು ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ಬಾಗಿಲು ತೆರೆಯುತ್ತಾರೆ.

ಟೈಲರಮ್ಮನಿಗೆ ಈಗ ಐವತ್ತೊಂದು. ಹೊಸ ಬಟ್ಟೆ ಹೊಲಿಯುವುದನ್ನು ಬಿಟ್ಟು ಹತ್ತು ವರ್ಷವಾಯಿತು. ಹಳೆಯದನ್ನು ಬಿಚ್ಚಿ, ಹಿಡಿದು, ಸಡಿಲಿಸಿ, ಮತ್ತೆ ತೊಡುವಂತೆ ಮಾಡಿಕೊಡುವುದಷ್ಟೇ ಕೆಲಸ. ಆ ರಸ್ತೆಯಲ್ಲಿ ಯಾರು ದಪ್ಪಗಾದರು, ಯಾರು ಸೊರಗಿದರು ಎಂಬುದು ಮೊದಲು ತಿಳಿಯುವುದು ಅವಳಿಗೆ; ಅವರವರ ಮನೆಯವರಿಗೆ ಆಮೇಲೆ. ಕಳೆದ ವರ್ಷ ಅವಳು ಹತ್ತಿರದ ಕಾಲೇಜಿನಲ್ಲಿ ಸಂಜೆಯ ಸಿನಿಮಾ ತರಗತಿಗೆ ಸೇರಿದಾಗ, ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಕೇಳದವರಿಲ್ಲ. “ಅಲ್ಲೂ ಕಟಿಂಗೇ ಅಂತೆ, ನೋಡ್ಕೊಂಡು ಬರೋಣ ಅಂತ” ಎಂದಳು ಎಲ್ಲರಿಗೂ.

ತರಗತಿಯಲ್ಲಿ ಉಳಿದವರಿಗೆಲ್ಲ ಇಪ್ಪತ್ತು, ಇಪ್ಪತ್ತೆರಡು. ಮೊದಲ ವಾರ ಅವರಿಗೆ ಅವಳು ‘ಆಂಟಿ’. ಒಬ್ಬನ ಪ್ಯಾಂಟಿನ ಕೆಟ್ಟ ಜಿಪ್ಪನ್ನು ಕೂತಲ್ಲೇ ಸರಿಮಾಡಿಕೊಟ್ಟ ದಿನದಿಂದ ‘ಅಕ್ಕ’.

ವರ್ಷದ ಕೊನೆಗೆ ಪ್ರತಿಯೊಬ್ಬರೂ ಒಂದು ಕಿರುಚಿತ್ರ ಮಾಡಿ ಒಪ್ಪಿಸಬೇಕಿತ್ತು. ಅವಳಿಗೆ ಕಥೆ ಹುಡುಕುವ ಕಷ್ಟವಿರಲಿಲ್ಲ. ಅದು ಒಂದು ದಿನ ಅಂಗಡಿಯ ಬಾಗಿಲಿಗೆ ತಾನೇ ನಡೆದು ಬಂದಿತ್ತು.

ಅವಳ ಅಕ್ಕ ತೀರಿಕೊಂಡು ಎರಡು ವರ್ಷ. ಅಕ್ಕನ ಗಂಡ ಬಸ್ಸು ಓಡಿಸಿ ನಿವೃತ್ತರಾದವರು. ಮಕ್ಕಳಿಲ್ಲ. ಅಕ್ಕ ಹೋದ ಮೇಲೆ ಅವರು ದಿನವೂ ನಾಲ್ಕಕ್ಕೆ ಸರಿಯಾಗಿ ಅಂಗಡಿಗೆ ಬಂದು, ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನಲ್ಲಿ ಕೂತು, ಟೀ ಕುಡಿದು, ರಸ್ತೆಯ ಡ್ರೈವರುಗಳನ್ನೆಲ್ಲ ಬೈದು ಹೋಗುತ್ತಿದ್ದರು. ತವರಿನವರೆಂದು ಅವಳಿಗೆ ಬೇರೆ ಯಾರೂ ಉಳಿದಿರಲಿಲ್ಲ. ಅಕ್ಕನ ಮನೆಯಿಂದ ಬರುವವರು ಇವರೊಬ್ಬರೇ. ಹೋದ ಚಳಿಗಾಲದಲ್ಲಿ ಒಂದು ದಿನ ಅವರು ಅಕ್ಕನ ಬೂದು ಬಣ್ಣದ ಕೋಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, “ಇದನ್ನ ನನಗಾಗೋ ಹಾಗೆ ಮಾಡಿಕೊಡ್ತೀಯಾ?” ಎಂದು ಕೇಳಿದ್ದರು. ಅವಳು ಟೇಪು ಹಿಡಿದು ನೋಡಿದಳು. ಕೋಟಿನ ಭುಜ ಹದಿನಾಲ್ಕೂವರೆ ಇಂಚು, ಅವರದು ಹದಿನೆಂಟು. ಒಳಗೆ ಬಿಟ್ಟಿದ್ದ ಬಟ್ಟೆ ಅರ್ಧ ಇಂಚೂ ಇರಲಿಲ್ಲ. “ಆಗಲ್ಲ ಭಾವ” ಎಂದಳು. ಅವರು ಕೋಟನ್ನು ಮಡಚಿಕೊಂಡು ಮನೆಗೆ ಒಯ್ದರು.

ಇಷ್ಟೇ ಸಿನಿಮಾ. ಒಂಬತ್ತು ನಿಮಿಷ. ಹೆಸರು ‘ಹದಿನಾಲ್ಕೂವರೆ’. ನಟ ಭಾವನೇ, ಕೋಟೂ ಅದೇ, ಹಿನ್ನೆಲೆಯಲ್ಲಿ ಕಥೆ ಹೇಳುವ ದನಿ ಅವಳದೇ. ಕೊನೆಯಲ್ಲಿ ಮನೆಗೆ ಮರಳಿದವರು ಕೋಟನ್ನು ಬೀರುವಿನಲ್ಲಿ ನೇತುಹಾಕಿ ಅಳಬೇಕು. “ಅಳು ಬರಲ್ಲ ಕಣೇ, ನಾನೇನು ನಾಟಕದವನಾ” ಎಂದವರು ಕ್ಯಾಮೆರಾ ಶುರುವಾದದ್ದೇ ಅತ್ತರು. ನಿಲ್ಲಿಸಿ ಎಂದ ಮೇಲೂ ಅತ್ತರು. ಕ್ಯಾಮೆರಾ ಹಿಡಿದಿದ್ದ ಅವಳೂ ಅತ್ತದ್ದರಿಂದ ಆ ದೃಶ್ಯ ಸ್ವಲ್ಪ ಅಲ್ಲಾಡಿತು. ಮತ್ತೆ ತೆಗೆಯಬೇಕಾದೀತೆಂದು ಕೋಟನ್ನು ತಂದು ಅಂಗಡಿಯ ಮೊಳೆಗೆ ನೇತುಹಾಕಿಕೊಂಡಳು.

ಒಪ್ಪಿಸುವ ಮುನ್ನ ಒಂದು ಪರೀಕ್ಷೆಯಿತ್ತು. ಹೊರಗಿನ ಜನರನ್ನು ಕೂರಿಸಿ ಚಿತ್ರ ತೋರಿಸಬೇಕು. ಅವರು ಹೇಳಿದ್ದನ್ನು ಕೇಳಿಕೊಂಡು, ತಿದ್ದಿ, ಒಂದು ವಾರದ ಮೇಲೆ ಶನಿವಾರ ಮತ್ತೆ ತೋರಿಸಬೇಕು. ತರಗತಿಯ ಮೇಡಂದು ಒಂದೇ ನಿಯಮ: ನೋಡಿದವರು ಮಾತಾಡಬೇಕು, ಮಾಡಿದವರು ಬಾಯಿ ಮುಚ್ಚಿಕೊಂಡು ಬರೆದುಕೊಳ್ಳಬೇಕು.

“ಅಕ್ಕಾ, ಕೊನೆ ಸ್ವಲ್ಪ ಉದ್ದ ಆಯ್ತು” ಎಂದಳು ಮುಂದಿನ ಸಾಲಿನ ಹುಡುಗಿ.

“ನಿನಗೆ ಮದುವೆಯಾಗಿ ಮೂವತ್ತು ವರ್ಷ ಆಗ್ಲಿ, ಆಮೇಲೆ ಹೇಳು ಉದ್ದವೋ ಗಿಡ್ಡವೋ ಅಂತ.”

“ಕೊನೇಲಂತೂ ಪಿಟೀಲು ಕುಯ್ತಾನೇ ಇತ್ತು. ಬೇರೇನೂ ಕೇಳಿಸ್ಲಿಲ್ಲ” ಎಂದರು ಕಾಲೇಜಿನ ವಾಚ್‌ಮನ್.

“ಅಲ್ಲಿ ಮಾತೇ ಇಲ್ವಲ್ಲ, ಕೇಳಿಸೋದಾದ್ರೂ ಏನು?”

“ಟೈಲರಮ್ಮ, ಬಾಯಿ” ಎಂದರು ಮೇಡಂ.

“ಮುಚ್ಚೇ ಇದೀನಿ ಮೇಡಂ. ವಿವರ ಕೊಡ್ತಿದ್ದೆ ಅಷ್ಟೆ.”

ಇಪ್ಪತ್ತಮೂರು ಜನ ನೋಡಿದ್ದರು. ಬಾಯಿಬಿಟ್ಟವರಿಗೆಲ್ಲ ಅವಳು ವಿವರ ಕೊಟ್ಟಳು. ಕೊನೆಗೆ ಮೇಡಂ ಸೋತು, ಎಲ್ಲರೂ ಚೀಟಿಯಲ್ಲಿ ಬರೆದುಕೊಡಿ ಎಂದು ಕೈಮುಗಿದರು.

ವಿಚಿತ್ರವೆಂದರೆ, ಅಂಗಡಿಯಲ್ಲಿ ಅವಳು ಗಿರಾಕಿಗಳೊಡನೆ ವಾದ ಮಾಡಿದ್ದನ್ನು ಕಂಡವರಿಲ್ಲ. ಕನ್ನಡಿಯ ಮುಂದೆ ನಿಂತವರು ಎಷ್ಟೇ ಗೊಣಗಲಿ, ಅವಳು ಮೊಣಕಾಲೂರಿ ‘ಮ್ಮ್’ ಎನ್ನುತ್ತ ಗುರುತು ಮಾಡಿಕೊಳ್ಳುತ್ತಾಳೆ. ಜನ ಇದನ್ನು ತಾಳ್ಮೆ ಎಂದು ಹೊಗಳುತ್ತಿದ್ದರು. ಅಸಲು ಸಂಗತಿ ಬೇರೆ: ಟ್ರಯಲ್ ನೋಡುವಾಗ ಅವಳ ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಗುಂಡುಸೂಜಿ ಇರುತ್ತವೆ.

ಮರುದಿನ ನಾಲ್ಕಕ್ಕೆ ಭಾವ ಬಂದು ಸ್ಟೂಲಿನಲ್ಲಿ ಕೂತರು. “ಏನಂದ್ರಂತೆ ಡೈರೆಕ್ಟ್ರೇ, ನಿಮ್ಮ ಜನ?”

ಅವಳು ಚೀಟಿಗಳ ಕಂತೆ ಬಿಚ್ಚಿ ಓದತೊಡಗಿದಳು. “‘ಹದಿನಾಲ್ಕೂವರೆ ಅಂದರೆ ಏನು, ಬಸ್ ನಂಬರಾ?’”

ಭಾವ ನಕ್ಕರು. “ಆ ನಂಬರಿನ ಬಸ್ಸು ಸಿಕ್ಕಿದ್ರೆ ನಾನೇ ಓಡಿಸ್ತಿದ್ದೆ. ಮುಂದೆ?”

“‘ಕೋಟು ಚೆನ್ನಾಗಿದೆ, ಎಲ್ಲಿ ತಗೊಂಡಿದ್ದು?’ ಇನ್ನೊಂದು, ‘ಭಾವ ಜಾಸ್ತಿಯಾಯಿತು, ಕಡಿಮೆ ಮಾಡಿ.’”

ಅವಳು ಸರಸರನೆ ಮುಂದಿನದಕ್ಕೆ ಹೋದಳು. ಮುಂದಿನದರಲ್ಲೂ ಅದೇ ಇತ್ತು: “‘ಭಾವ ಅತಿಯಾಗಿದೆ, ಕತ್ತರಿಸಬಹುದು.’” ಇನ್ನೊಂದರಲ್ಲಿ, “‘ಕೊನೆಗೆ ಭಾವವೇ ಬೇಡವಾಗಿತ್ತು.’”

ಭಾವ ಟೀ ಲೋಟವನ್ನು ಕೆಳಗಿಟ್ಟರು.

“ನಾನು ಬೇಡವಾಗಿತ್ತಾ?”

“ಅಯ್ಯೋ, ನೀವಲ್ಲ! ಆ ಭಾವ ಬೇರೆ, ಈ ಭಾವ ಬೇರೆ. ಅವರು ಹೇಳ್ತಿರೋದು ಮುಖದಲ್ಲಿ ಬರತ್ತಲ್ಲ, ದುಃಖ, ಸಂಕಟ, ಆ ಭಾವ.”

“ಕೊನೇಲಿ ಹೆಸರು ಬರುವಾಗ ಏನಂತ ಹಾಕಿದ್ದೀಯಾ ನನ್ನನ್ನ?”

ಅವಳು ನಾಲಿಗೆ ಕಚ್ಚಿಕೊಂಡಳು. ‘ನಟನೆ: ಭಾವ’ ಎಂದೇ ಹಾಕಿದ್ದಳು. ಬೇರೆ ಹೆಸರಿನಿಂದ ಅವರನ್ನು ಕರೆದೇ ಗೊತ್ತಿರಲಿಲ್ಲ.

“ಸರಿ, ನಾನಲ್ಲ ಅಂತಾನೇ ಇಟ್ಕೋ” ಎಂದರು ಭಾವ. “ಹಾಗಾದ್ರೆ ನನ್ನ ಸಂಕಟ ಜಾಸ್ತಿಯಾಯ್ತು ಅಂತ ತಾನೇ? ಕಂಡೋರ ಮುಂದೆ ಅಳು ಅಂದೋಳು ನೀನು. ಅತ್ತೆ. ಈಗ ಅಳತೆ ಹಿಡಿದು ಇಷ್ಟು ಜಾಸ್ತಿ, ಇಷ್ಟು ಕತ್ತರಿಸಿ ಅಂತಾರೆ. ನನ್ನನ್ನ ಪೂರ್ತಿ ತೆಗೆದುಬಿಡು. ಕೋಟು ಒಬ್ಬಳೇ ಇರ್ಲಿ ನಿನ್ನ ಸಿನಿಮಾದಲ್ಲಿ.”

ಕೋಟನ್ನು ಅವರು ‘ಒಬ್ಬಳೇ’ ಎಂದದ್ದನ್ನು ಅವಳು ತಿದ್ದಲಿಲ್ಲ. ಅವರು ಎದ್ದು ಹೋದರು. ಟೀ ಅರ್ಧ ಉಳಿದಿತ್ತು.

ಅದು ಭಾನುವಾರ. ಸೋಮವಾರ ನಾಲ್ಕಾಯಿತು, ಸ್ಟೂಲು ಖಾಲಿ. ಮಂಗಳವಾರವೂ ಖಾಲಿ. ಸಿನಿಮಾ ಹಾಳಾದರೆ ಹಾಳಾಗಲಿ, ಅಂಗಡಿಗೆ ಬೀಗ ಹಾಕುವ ಮುನ್ನ ಅವಳು ರಸ್ತೆಯ ತುದಿಯವರೆಗೆ ಒಮ್ಮೆ ಕಣ್ಣು ಹಾಯಿಸಿದಳು. ಒಂದು ಹಾಳು ಶಬ್ದಕ್ಕೆ ಎರಡು ಅರ್ಥವಿದ್ದದ್ದಕ್ಕೆ ಅಕ್ಕನ ಮನೆಯ ಬಾಗಿಲೇ ಮುಚ್ಚಿತೇ? ಫೋನು ಮಾಡಿದರೆ “ಕಾಲು ನೋವು” ಎಂದರು. ಅವರ ಕಾಲು ಅವಳಿಗೆ ಗೊತ್ತಿಲ್ಲವೇ? ಮೂವತ್ತು ವರ್ಷ ಕ್ಲಚ್ಚು ತುಳಿದೂ ನೋಯದ ಕಾಲು ಅದು.

ಬುಧವಾರ ಕಾಲೇಜಿನ ಲೈಬ್ರರಿ ಮೇಡಂ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದರು. ‘ಭಾವ ಅತಿಯಾಗಿದೆ’ ಎಂಬ ಚೀಟಿ ಹಸಿರು ಶಾಯಿಯಲ್ಲಿತ್ತು, ಮತ್ತು ಅವರ ಜೇಬಿನಲ್ಲಿ ಹಸಿರು ಪೆನ್ನಿತ್ತು. ಟೈಲರಮ್ಮ ಬೇಕೆಂದೇ ಐದು ಗುಂಡುಸೂಜಿಗಳನ್ನು ತುಟಿಗೆ ಸಿಕ್ಕಿಸಿಕೊಂಡು ಅವರ ಕಾಲ ಬಳಿ ಕೂತಳು. ಒಂದು ಬದಿಯಿಂದ ಅಷ್ಟಿಷ್ಟು ತುಟಿ ಸಡಿಲಿಸಿ, “ಭಾವ... ಯಾಕೆ... ಜಾಸ್ತಿ?” ಎಂದು ಕೇಳಿದಳು.

“ಓ, ನಿಮ್ಮ ಸಿನಿಮಾನಾ? ಬೇಜಾರು ಮಾಡ್ಕೋಬೇಡಿ. ಆ ಯಜಮಾನರು ಬಾಗಿಲು ತೆಗೆಯೋ ಮೊದಲೇ ನಿಮ್ಮ ದನಿ ಹೇಳ್ಬಿಡತ್ತೆ, ಹೆಂಡತಿ ಹೋದ್ರು, ಪಾಪ ಒಂಟಿ, ಕೋಟೊಂದೇ ಗತಿ ಅಂತ.”

“ಮ್ಮ್.”

“ಅದರ ಮೇಲೆ ಪಿಟೀಲು. ನಾನು ಅಲ್ಲೇ ಅತ್ತುಬಿಟ್ಟೆ. ಎರಡನೇ ನಿಮಿಷಕ್ಕೇ ನನ್ನದೆಲ್ಲ ಅತ್ತು ಮುಗಿದಿತ್ತು. ಅವರು ಎಂಟನೇ ನಿಮಿಷಕ್ಕೆ ಶುರು ಮಾಡಿದ್ರು. ಅಷ್ಟೊತ್ತಿಗೆ ನನಗೆ ಮನೆಗೆ ಹೋಗೋಣ ಅನ್ನಿಸ್ತಿತ್ತು.”

“ಮ್ಮ್?” ಎಂದಳು ಟೈಲರಮ್ಮ. ಬಾಯಿ ಖಾಲಿ ಇದ್ದಿದ್ದರೆ ಆ ಮಾತುಗಳನ್ನು ಹನ್ನೊಂದು ಸಲ ತಿದ್ದಿ ಬರೆದದ್ದನ್ನೂ, ದನಿ ಚೆನ್ನಾಗಿದೆ ಎಂದು ಇಡೀ ತರಗತಿ ಹೊಗಳಿದ್ದನ್ನೂ ವಿವರಿಸುತ್ತಿದ್ದಳು. ಸೂಜಿಗಳು ಬಿಡಲಿಲ್ಲ. ಹಾಗಾಗಿ ಕೇಳಿಸಿಕೊಂಡಳು, ಕೇಳಿಸಿಕೊಂಡದ್ದು ಒಳಗೆ ಇಳಿಯಲು ಸಮಯ ಸಿಕ್ಕಿತು.

ತೋಳು ಹಿಡಿಯುತ್ತದೆ ಎಂದು ಶರ್ಟು ತಂದವರ ತೋಳನ್ನು ಅವಳು ಎಂದೂ ಬಿಚ್ಚಿದವಳಲ್ಲ. ಹಿಡಿಯುವುದು ತೋಳಿನಲ್ಲಿ ನಿಜ, ಆದರೆ ತಪ್ಪು ಭುಜದಲ್ಲಿರುತ್ತದೆ. ಗಿರಾಕಿಗೆ ಗೊತ್ತಿರುವುದು ನೋವಿನ ಜಾಗ ಮಾತ್ರ. ಯಾವ ಹೊಲಿಗೆ ಬಿಚ್ಚಬೇಕೆಂದು ಹುಡುಕುವುದು ಹೊಲಿಯುವವಳ ಪಾಡು. ಇಪ್ಪತ್ತೆಂಟು ವರ್ಷದಿಂದ ದಿನವೂ ಮಾಡುತ್ತಿದ್ದ ಈ ಕೆಲಸ ಸಿನಿಮಾದ ವಿಷಯಕ್ಕೆ ಬಂದಾಗ ಮಾತ್ರ ಹೊಳೆದಿರಲಿಲ್ಲ. ಅವಳು ಮೇಡಂ ಅವರ ಎಡಗಾಲಿನ ಪ್ಯಾಂಟನ್ನು ಬಲಗಾಲಿಗಿಂತ ಒಂದಿಂಚು ಮೇಲಕ್ಕೆ ಮಡಚಿಬಿಟ್ಟಿದ್ದಳು. ಅವರು ಕನ್ನಡಿ ನೋಡಿ ಕೂಗಿಕೊಂಡ ಮೇಲೆ ಎಚ್ಚರವಾಯಿತು.

ಆ ಸಂಜೆಯೇ ಕಾಲೇಜಿನ ಕಂಪ್ಯೂಟರಿನ ಮುಂದೆ ಕೂತು ತನ್ನ ದನಿಯನ್ನು ಪೂರ್ತಿಯಾಗಿ ಅಳಿಸಿದಳು. “ಅಕ್ಕಾ, ಅದೇ ಚೆನ್ನಾಗಿತ್ತು!” ಎಂದು ಹುಡುಗರು ಬೊಬ್ಬೆ ಹಾಕಿದರು. ಆಮೇಲೆ ಪಿಟೀಲು ಹೋಯಿತು. ಆ ಮಾತುಗಳಿಗಾಗಿಯೇ ಎಳೆದಿದ್ದ ದೃಶ್ಯಗಳೂ ಹೋಗಿ, ಒಂಬತ್ತು ನಿಮಿಷದ್ದು ಆರೂವರೆಗೆ ಇಳಿಯಿತು. ಭಾವನ ಅಳುವನ್ನು ಒಂದು ಕ್ಷಣವೂ ಮುಟ್ಟಲಿಲ್ಲ.

ಗುರುವಾರ ನಾಲ್ಕಕ್ಕೆ ಭಾವ ಬಾಗಿಲಲ್ಲಿ ಕಾಣಿಸಿಕೊಂಡರು. ಸ್ಟೂಲಿನ ಕಡೆ ನೋಡಲೂ ಇಲ್ಲ.

“ಕೋಟು ಕೊಡು. ತಗೊಂಡು ಹೋಗೋಕೆ ಬಂದೆ.”

“ಕೊಡ್ತೀನಿ. ಆರೂವರೆ ನಿಮಿಷ ನಿಂತ್ಕೊಳ್ಳಿ.”

“ಕಾಲು ನೋವು.”

“ಹಾಗಾದ್ರೆ ಕೂತ್ಕೊಳ್ಳಿ.”

ಅವರು ಕೂರಲಿಲ್ಲ. ಹೊಲಿಗೆ ಯಂತ್ರದ ಮೇಲೆ ಅವಳು ಲ್ಯಾಪ್‌ಟಾಪ್ ತೆರೆದಿಟ್ಟಳು. ಅವರು ಬಾಗಿಲ ಚೌಕಟ್ಟಿಗೆ ಒರಗಿ, ಮುಖವನ್ನು ರಸ್ತೆಗೂ ಕಣ್ಣನ್ನು ಒಳಕ್ಕೂ ಇಟ್ಟು ನೋಡತೊಡಗಿದರು. ತೆರೆಯ ಮೇಲೆ ಈಗ ಟೇಪು ಎಳೆಯುವ ಸದ್ದು, ಬಟ್ಟೆ ಮಡಚುವ ಸದ್ದು, ಅವರದೇ ಹೆಜ್ಜೆಯ ಸದ್ದು. ಕೊನೆಗೆ ಬೀರುವಿನ ಬಾಗಿಲು ಕಿರ್ರೆಂದಿತು. ಅಳು. ಅದೂ ಮುಗಿಯಿತು. ತೆರೆ ಕಪ್ಪಾಯಿತು. ಅವಳು ಅವರ ಮುಖ ನೋಡುವ ಧೈರ್ಯವಿಲ್ಲದೆ ನೂಲಿನ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತ ನಿಂತಳು.

“ಇದು ಸರಿಯಿಲ್ಲ” ಎಂದರು ಭಾವ.

ಅವಳ ಕೈಯಿಂದ ಒಂದು ಉಂಡೆ ಉರುಳಿತು. “ತೆಗೆದುಬಿಡ್ಲಾ ನಿಮ್ಮನ್ನ?”

“ನನ್ನನ್ನ ಯಾಕೆ ತೆಗೀತೀಯಾ? ನಾನು ಚೆನ್ನಾಗೇ ಇದ್ದೀನಿ. ಆ ಬೀರು ಸರಿಯಿಲ್ಲ.” ಅವರು ಒಳಗೆ ಬಂದು ತೆರೆಯ ಮೇಲೆ ಬೆರಳಿಟ್ಟರು. “ಅವತ್ತು ಮನೆಗೆ ಹೋಗಿ ನಾನು ಕೋಟನ್ನ ಬೀರುವಲ್ಲಿ ಹಾಕ್ಲೇ ಇಲ್ಲ.”

“ಮತ್ತೆ? ನಾನು ಬರೆದುಕೊಟ್ಟಾಗ ಹೇಳಬಾರದಿತ್ತಾ ಭಾವ?”

“ನೀನು ಡೈರೆಕ್ಟ್ರು. ನನ್ನನ್ನ ಯಾರು ಕೇಳಿದ್ರು?” ಅವರ ದನಿ ತುಸು ಇಳಿಯಿತು. “ಊಟದ ಕುರ್ಚಿಯ ಬೆನ್ನಿಗೆ ಹಾಕಿದೆ. ನಿಮ್ಮಕ್ಕ ಆಫೀಸಿಂದ ಬಂದವಳು ಯಾವಾಗಲೂ ಅಲ್ಲೇ ಎಸೀತಿದ್ಲು. ದಿನಾ ಜಗಳ. ‘ಬೀರು ಇರೋದು ಯಾತಕ್ಕೆ?’ ಅಂತ ನಾನು, ‘ಬೆಳಗ್ಗೆ ಮತ್ತೆ ಹಾಕ್ಕೋಬೇಕಲ್ಲ’ ಅಂತ ಅವಳು. ಅವತ್ತೂ ಕೋಟನ್ನ ಎದುರಿಗೆ ಇಟ್ಕೊಂಡು ಊಟ ಮಾಡ್ತಾ, ಬೀರು ಇರೋದು ಯಾತಕ್ಕೆ ಅಂತ ಬೈದೆ. ಚೆನ್ನಾಗಿ ಬೈದೆ. ಅಳು ಬಂದಿದ್ದು ಅದಾದ್ಮೇಲೆ. ಇದು ಸಿನಿಮಾಕ್ಕೆಲ್ಲ ಬರಲ್ವೇನೋ ಅಂತ...”

ಟೈಲರಮ್ಮನ ಬಾಯಿಗೆ ಮೂರು ಉತ್ತರಗಳು ಒಟ್ಟಿಗೆ ಬಂದವು: ಬೆಳಕು ಹೊಂದುವುದಿಲ್ಲ, ಮೇಡಂ ಒಪ್ಪುವುದಿಲ್ಲ, ನಾಡಿದ್ದೇ ಶನಿವಾರ. ಮೂರನ್ನೂ ನುಂಗಿದಳು. ಮೊಳೆಯಿಂದ ಕೋಟನ್ನು ತೆಗೆದು ತೋಳಿನ ಮೇಲೆ ಹಾಕಿಕೊಂಡಳು, ಕ್ಯಾಮೆರಾ ಚೀಲವನ್ನು ಹೆಗಲಿಗೇರಿಸಿದಳು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

“ಎಲ್ಲಿಗೇ? ನಾನಿನ್ನೂ ಹೇಳ್ತಿದ್ದೀನಿ!” ಎಂದು ಭಾವ ಅಂಗಡಿಯ ಬಾಗಿಲಿನಿಂದ ಕೂಗಿದರು. “ಮನೆ ಕೀಲಿ ನನ್ನ ಹತ್ರ ಇದೆ ಕಣೇ! ಅನ್ನಕ್ಕೂ ಇಟ್ಟಿಲ್ಲ, ಏನು ಊಟ ಮಾಡಲಿ ಕ್ಯಾಮೆರಾ ಮುಂದೆ? ಮತ್ತೆ ಆ ಅಳೋ ಜಾಗದಲ್ಲಿ ನನ್ನ ಕಿವಿ ಇಷ್ಟು ದೊಡ್ಡದಾಗಿ ಕಾಣ್ಸತ್ತಲ್ಲ, ಅದನ್ನ ಸ್ವಲ್ಪ...”

ಅವಳು ಆಗಲೇ ರಸ್ತೆ ದಾಟಿ, ಅವರ ಮನೆಯ ಕಡೆಗೆ ತಿರುಗಿಯಾಗಿತ್ತು.