ಮಂದೆ ಮಲಗಿದ ಹೊಲ

“ಈ ಗರಸಿನಾಗೆ ಮಣ್ಣು ಹುಟ್ಟಲ್ಲ, ಲಾರಿಯವ್ರು ತೋಡ್ಕಂಡು ಹೋಗ್ಲಿ” ಎಂದವರು ಅವ್ವನ ಅಣ್ಣ, ನಮ್ಮ ದೊಡ್ಡಮಾವ. ಇಬ್ಬರಿಗೂ ಸೇರಿದ ಆ ಜಲ್ಲಿಕಲ್ಲಿನ ಇಳಿಜಾರು ಹೊಲವನ್ನು ಗರಸು ಸಾಗಿಸುವ ಲಾರಿಯವರಿಗೆ ಕೊಡಲ್ಲ ಎಂದು ಹಟ ಹಿಡಿದವರು ಅವರ ತಮ್ಮ, ಚಿಕ್ಕಮಾವ. ಅವರು ಆ ಇಳಿಜಾರಿಗೆ ಬದು ಹಾಕಿ, ಹೊಂಗೆ ನೆಟ್ಟು, ವರ್ಷವರ್ಷವೂ ಕುರಿ ಮಂದೆಯನ್ನು ರಾತ್ರಿ ಅಲ್ಲೇ ತರುಬಿ ಗೊಬ್ಬರ ಬೀಳಿಸಿದವರು. ಮಣ್ಣಿಗೆ ಸತ್ವ ಕೊಡುವ ಇಂಗಾಲ ಮೊದಲಿಗಿಂತ ಹೆಚ್ಚಿದೆ ಎಂದು ಮಣ್ಣು ಪರೀಕ್ಷೆಯ ಲ್ಯಾಬು ಬರೆದುಕೊಟ್ಟರೆ ಹೊಲ ಉಳಿಯಲಿ ಎಂದು ಮನೆಯಲ್ಲಿ ಮಾತಾಯಿತು. ಆ ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು, ಕುರಿ ಕಾಯುವ ನಮ್ಮ ಮನೆತನದ ಮೊದಲ ಪದವೀಧರೆ.

ಹೋದ ಸಲ ಮಣ್ಣು ತೆಗೆಯಲು ಬಂದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಗೂಟ ನೆಟ್ಟು ಗುರುತು ಮಾಡಿದ್ದ ಜಾಗದಲ್ಲೇ ಚಿಕ್ಕಮಾವ ಹಿಂದಿನ ರಾತ್ರಿ ಇಡೀ ಮಂದೆ ಮಲಗಿಸಿದ್ದರು.

“ನಿನ್ನ ಪರೀಕ್ಷೆ ಪಾಸಾಗ್ಲಿ ಅಂತ ಕಣವ್ವ!”

“ಮಾವ, ಹಸಿ ಹಿಕ್ಕೆ ಲೆಕ್ಕಕ್ಕಿಲ್ಲ. ಮಣ್ಣೇ ಬದಲಾಗಿರ್ಬೇಕು.”

ದೂರ ಹೋಗಿ ಬೇರೆ ಕಡೆ ಅಗೆದೆ. ಕಲ್ಲುಗಳ ನಡುವೆ ಬೇರು ಹಿಡಿದ ಕಪ್ಪು ಮಣ್ಣು ಕಂಡು ನನಗೇ ಬೆರಗಾಯಿತು.

ಇಂದು ಹಿರಿಯೂರಿನಿಂದ ಬಸ್ಸಿನಲ್ಲಿ ಸರ್ಟಿಫಿಕೇಟು ಮಡಚದಂತೆ ಎದೆಗೆ ಹಿಡಿದು ಬಂದೆ. ಶ್ರೀರಾಂಪುರದ ಟೀ ಅಂಗಡಿಯಲ್ಲಿ ಮಾವಂದಿರು ಒಂದೇ ಬೆಂಚಿನ ಎರಡು ತುದಿಗೆ ಕೂತಿದ್ದರು. ಇಂಗಾಲ ಹೆಚ್ಚಿದೆ ಎಂದು ಹೇಳಿ ಅದನ್ನು ಚಿಕ್ಕಮಾವನ ಕೈಗಿಟ್ಟೆ. ಅವರು ಪಂಚೆಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ದೊಡ್ಡಮಾವ ತಮ್ಮನ ಕಡೆ ತಿರುಗದೆ ನನಗೇ ಹೇಳಿದರು:

“ಲಾರಿಯವ್ನಿಗೆ ಬ್ಯಾಡ ಅಂತೀನಿ. ಆದ್ರೆ ಈ ಸಲ ಮಂದೇನ ನನ್ನ ಹೊಲದಾಗೂ ತರುಬ್ಲಿ ಅಂತ ನಿನ್ನ ಮಾವಗೆ ನೀನೇ ಹೇಳವ್ವ. ನಾನು ಕೇಳಿದ್ರೆ ಹಿಗ್ಗಿ ಕುಣೀತಾನೆ.”