ಜ್ವರವಿಲ್ಲದ ಬೆನ್ನುನೋವು

೧೯೮೩ರಲ್ಲಿ ಕಾಪುವಿನ ಬಸ್ ನಿಲ್ದಾಣದ ಎದುರು ನನ್ನದೊಂದು ಸಣ್ಣ ಕ್ಲಿನಿಕ್ ಇತ್ತು. ನನ್ನ ಸಹಪಾಠಿ ಸುಧಾಕರ ಉಡುಪಿಯಲ್ಲಿ ದೊಡ್ಡ ಹೆಸರು ಮಾಡಿದ್ದ. ನನ್ನ ರೋಗಿಗಳೇ ನನ್ನ ಕಣ್ಣೆದುರು ಬಸ್ಸು ಹತ್ತಿ ಅವನಲ್ಲಿಗೆ ಹೋಗುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು.

ಮೀನು ಮಾರುವ ಗಿರಿಜಕ್ಕ ಹಾಗೆ ಹೋದವರಲ್ಲೊಬ್ಬರು. ಅವರದು ಕೀಲುಗಳನ್ನೇ ತಿನ್ನುವ ರುಮಟಾಯ್ಡ್ ಸಂಧಿವಾತ. ನನ್ನ ಆಸ್ಪಿರಿನ್‌ಗೆ ಬಗ್ಗದ ಬಾವು ಸುಧಾಕರ ಕೊಟ್ಟ ಪ್ರೆಡ್ನಿಸೊಲೋನ್, ಅಜಾಥಿಯೋಪ್ರಿನ್‌ಗೆ ಇಳಿಯಿತು. ಇವು ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮದ್ದುಗಳು. ಗಿರಿಜಕ್ಕ ಮತ್ತೆ ಬುಟ್ಟಿ ಹೊತ್ತರು. "ಡಾಕ್ಟ್ರೆಂದರೆ ಅವರು!" ಎಂದು ನನ್ನ ಜಗಲಿಯಲ್ಲೇ ನಿಂತು ಹೇಳಿದರು.

ಮರುವರ್ಷ ಮಳೆಗಾಲ ಮುಗಿಯುವಾಗ ಅವರು ನನ್ನಲ್ಲಿಗೇ ಬಂದರು. ಬಸ್ಸಿನ ಕುಲುಕಾಟ ತಡೆಯಲಾರದಷ್ಟು ಬೆನ್ನುನೋವು. ಅದೂ ವಾತವೇ ಎಂದು ಸುಧಾಕರ ಹೇಳಿದ್ದನಂತೆ. ಜ್ವರ ಇರಲಿಲ್ಲ. ಆದರೆ ಮಲಗಿದರೂ ನೋವು ತಗ್ಗುತ್ತಿರಲಿಲ್ಲ. ಬೆನ್ನುಮೂಳೆಯ ಒಂದೇ ಜಾಗ ತಟ್ಟಿದಾಗ ಚೀರಿದರು. ನಡೆಯುವಾಗ ಬಲಗಾಲು ಎಳೆಯುತ್ತಿತ್ತು.

ಮೂಳೆಯೊಳಗೆ ಸೋಂಕು ಇರಬೇಕು, ಮದ್ದು ಜ್ವರವನ್ನು ಮುಚ್ಚಿಟ್ಟಿದೆ ಎನಿಸಿತು. ಸುಧಾಕರ ತಪ್ಪಿದ ಎಂದು ಒಳಗೊಳಗೇ ಹಿಗ್ಗಿದೆ. ಮರುಕ್ಷಣ ಅಳುಕು: ಕೀವು ಕಾಣುತ್ತಿರುವುದು ನನ್ನ ವಿದ್ಯೆಗೋ, ಅಸೂಯೆಗೋ? ತಡಮಾಡಿದರೆ ಕೀವು ಬೆನ್ನುಹುರಿಯನ್ನು ಒತ್ತಿ ಕಾಲುಗಳೇ ಹೋಗಬಹುದು. ಕಾರಿನ ಹಿಂದಿನ ಸೀಟಿನಲ್ಲಿ ಅವರನ್ನು ಮಲಗಿಸಿ ನೇರ ಸುಧಾಕರನಲ್ಲಿಗೇ ಹೋದೆ.

"ಜ್ವರವೇ ಇಲ್ಲ ಮಾರಾಯ, ನಿನಗೆ ಎಂತ ಸಂಶಯ?"

"ನೀನೇ ಒಮ್ಮೆ ತಟ್ಟಿ ನೋಡು."

ತಟ್ಟಿದ. ಗಿರಿಜಕ್ಕ ಮತ್ತೆ ಚೀರಿದರು. "ಮಣಿಪಾಲಕ್ಕೆ ಹೋಗುವ, ಈಗಲೇ," ಎಂದ.

ಎಕ್ಸ್-ರೇಯಲ್ಲಿ ಬೆನ್ನುಮೂಳೆಯ ಎರಡು ಮಣಿಗಳು ಸವೆದು ಒಂದಕ್ಕೊಂದು ತಾಗಿದ್ದವು. ಶಸ್ತ್ರಕ್ರಿಯೆಯಲ್ಲಿ ಕೀವು ತೆಗೆದರು. ಪರೀಕ್ಷೆಯಲ್ಲಿ ಅದು ಮೂಳೆಗೆ ತಗುಲಿದ ಕ್ಷಯವೆಂದು ತಿಳಿಯಿತು. ಅಜಾಥಿಯೋಪ್ರಿನ್ ನಿಲ್ಲಿಸಿ, ಪ್ರೆಡ್ನಿಸೊಲೋನ್ ಮೆಲ್ಲಮೆಲ್ಲನೆ ಇಳಿಸಿ, ವರ್ಷದ ಮೇಲೂ ಕ್ಷಯದ ಮದ್ದು ಕೊಟ್ಟೆವು. ಗಿರಿಜಕ್ಕ ನಡೆದರು.

ಚೇತರಿಸಿಕೊಂಡ ಮೇಲೆ ಒಮ್ಮೆ ಬಂದು ಕುಳಿತು, "ಆಪರೇಶನ್ ಮುಗಿಯುವವರೆಗೆ ಸುಧಾಕರ ಡಾಕ್ಟ್ರು ಬಾಗಿಲು ಬಿಟ್ಟು ಕದಲಲಿಲ್ಲವಂತೆ. ಅಂಥವರು ಎಲ್ಲಿ ಉಂಟು, ಅಲ್ವಾ?" ಎಂದರು.

ಅವನ ಪಕ್ಕದಲ್ಲಿ ನಾನೂ ನಿಂತಿದ್ದೆ. "ಹೌದು," ಎಂದಷ್ಟೇ ಹೇಳಿದೆ.

ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು ಸೇವಿಸುವವರ ಬೆನ್ನುನೋವಿಗೆ ಜ್ವರ ಬರಲೆಂದು ಕಾಯಬಾರದು. ವೃತ್ತಿ ನನಗೆ ಕಲಿಸಿದ್ದು ಇದು. ಅಸೂಯೆಗೆ ಮಾತ್ರ ಯಾವ ಮದ್ದನ್ನೂ ಕಲಿಸಲಿಲ್ಲ. ಗಿರಿಜಕ್ಕ ಎದ್ದು ಹೊರಟಾಗ ಅವರ ಎರಡೂ ಕಾಲುಗಳು ಸಮನಾಗಿ ನೆಲಕ್ಕೆ ಊರುವುದನ್ನು ನೋಡುತ್ತ ನಿಂತೆ. ಅವರು ಉಡುಪಿಯ ಬಸ್ಸು ಹತ್ತಿದರು.